ಕೊಟ್ಟಿಗೆಯ ಗೂಡಿನ ಲೋಟ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಓದಿದವರಲ್ಲಿ ಈಗ ಜಾತಿಯನ್ನು ನಿಜವಾಗಿ ನಂಬುವವರಿಲ್ಲ, ಹಳಬರೊಂದಿಗೆ ಅದೂ ಹೋಗುತ್ತದೆ ಎಂದು ಕಳೆದ ಪತ್ರದಲ್ಲಿ ನೀನು ಬರೆದಿದ್ದೆ. ಆ ಮಾತನ್ನು ಒಪ್ಪಬೇಕೆಂಬ ಆಸೆ ನನಗೂ ಇದೆ, ಆದರೆ ಒಪ್ಪಲಾರೆ.

ಊರಿನ ನಮ್ಮ ಮನೆಯ ಕೊಟ್ಟಿಗೆಯ ಗೋಡೆಯಲ್ಲೊಂದು ಗೂಡಿತ್ತು. ಕೂಲಿಗೆ ಬರುತ್ತಿದ್ದ ದಲಿತರ ಲೋಟಗಳು ಅಲ್ಲಿ ಬೋರಲಾಗಿರುತ್ತಿದ್ದವು. ಕುಡಿದವರೇ ತೊಳೆದು ಮತ್ತೆ ಅಲ್ಲಿಯೇ ಇಡಬೇಕಿತ್ತು. ಅಪ್ಪ ಶಾಸ್ತ್ರಗಳನ್ನು ಒಪ್ಪುತ್ತಿರಲಿಲ್ಲ, ಜಾತಿ ಸುಳ್ಳೆಂದು ಊಟದ ಪಂಕ್ತಿಯಲ್ಲಿ ಕುಳಿತೇ ವಾದಿಸುತ್ತಿದ್ದರು. ಆದರೆ ಆ ಲೋಟಗಳನ್ನು ಒಂದು ದಿನವೂ ಅಡುಗೆಮನೆಗೆ ತಂದವರಲ್ಲ.

ಅಂಬೇಡ್ಕರ್ ಅವರು 1936ರ ‘ಜಾತಿ ವಿನಾಶ’ದಲ್ಲಿ ಜಾತಿಯೆಂಬುದು ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಒಂದು ಸ್ಥಿತಿ ಎಂದರು, ಶಾಸ್ತ್ರಗಳ ಪಾವಿತ್ರ್ಯದ ಮೇಲಿನ ನಂಬಿಕೆ ಅಳಿಯದೆ ಅದು ಅಳಿಯದು ಎಂದು ವಾದಿಸಿದರು. ಅಪ್ಪನಲ್ಲಿ ಆ ನಂಬಿಕೆ ಅಳಿದಿತ್ತು, ಲೋಟ ಮಾತ್ರ ಕದಲಲಿಲ್ಲ. ಇದೇಕೆಂದು ಯೋಚಿಸುವಾಗ ನನಗೆ ನೆರವಾದವರು ಫ್ರೆಂಚ್ ಮನೋವಿಶ್ಲೇಷಕ ಒಕ್ಟಾವ್ ಮನೋನಿ. ಕಣ್ಣಾರೆ ಕಂಡ ಸತ್ಯವನ್ನು ಮನಸ್ಸು ಒಪ್ಪಿಕೊಳ್ಳುತ್ತಲೇ ಅಲ್ಲಗಳೆಯಬಲ್ಲದು ಎಂದು ಫ್ರಾಯ್ಡ್ 1927ರಲ್ಲಿ ಬರೆದಿದ್ದರು. ಮನೋನಿ ಅದನ್ನು ‘ನನಗೆ ಚೆನ್ನಾಗಿ ಗೊತ್ತು, ಆದರೂ’ ಎಂಬ ಅರ್ಧ ವಾಕ್ಯದಲ್ಲಿ ಹಿಡಿದರು. ಆ ‘ಆದರೂ’ವಿನಲ್ಲಿ ಉಳಿಯುವ ನಂಬಿಕೆಯನ್ನು ನಾವೇ ಹೊರಬೇಕಿಲ್ಲ, ಬೇರೊಬ್ಬರ ಹೆಸರಿಗೆ ಬರೆದರಾಯಿತು. ಅಜ್ಜಿಗೆ ನೋವಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು, ಊರವರು ಏನೆಂದಾರು ಎಂದು ಅಜ್ಜಿ ಹೇಳುತ್ತಿದ್ದಳು. ಯಾರೊಬ್ಬರೂ ನಂಬದೆಯೇ ಮನೆಯಿಡೀ ನಂಬಿಕೆಯಂತೆ ನಡೆದುಕೊಂಡಿತ್ತು.

ಐಡಿಯಾಲಜಿ, ಅಂದರೆ ಸಮಾಜವೊಂದು ಸಹಜವೆಂದು ಹೊತ್ತು ನಡೆವ ನಂಬಿಕೆಗಳ ಕಟ್ಟು, ತಲೆಯೊಳಗಿನ ವಿಚಾರವಲ್ಲ, ಅದರ ಇರವು ಆಚರಣೆಗಳಲ್ಲಿ ಎಂದು ತತ್ತ್ವಜ್ಞಾನಿ ಲೂಯಿ ಅಲ್ತೂಸರ್ 1970ರಲ್ಲಿ ಬರೆದರು. ಅವರದೇ ಉದಾಹರಣೆ: ಬೀದಿಯಲ್ಲಿ ಪೊಲೀಸಿನವನು ‘ಏಯ್, ನೀನು!’ ಎಂದಾಗ ತಿರುಗಿ ನೋಡಿದವನು ಆ ತಿರುಗುವುದರಲ್ಲೇ ಕರೆಗೆ ಒಳಪಟ್ಟವನಾಗುತ್ತಾನೆ. ನಮ್ಮಲ್ಲಿ ಆ ಕರೆಗೆ ಸೌಜನ್ಯದ ದನಿಯಿದೆ: ‘ನೀವು ಯಾವ ಪೈಕಿ?’, ‘ಮನೆದೇವರು ಯಾವುದು?’, ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ‘ನೀವು ವೆಜ್ಜಾ?’ ನಾನು ಉತ್ತರಿಸಿದೆ, ನನಗೆ ಮನೆ ಸಿಕ್ಕಿತು. ಅದೇ ಮೆಟ್ಟಿಲಿಳಿದು ಹಿಂದಿರುಗಿದವರು ಎಷ್ಟು ಮಂದಿಯೋ ಎಂದು ಆಗ ನಾನು ಕೇಳಿಕೊಳ್ಳಲೂ ಇಲ್ಲ.

ಜಾತಿ ಮನಸ್ಸಿನ ಸ್ಥಿತಿ ಎಂದ ಅಂಬೇಡ್ಕರ್ ಅವರೇ ಅದಕ್ಕೂ ಒಂಬತ್ತು ವರ್ಷ ಮೊದಲೇ, 1927ರ ಮಾರ್ಚ್ 20ರಂದು, ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿದಿದ್ದರು ಎಂಬುದನ್ನು ಮರೆಯಬೇಡ. ಆ ಕೆರೆಯನ್ನು ಪುರಸಭೆ ಅಷ್ಟರಲ್ಲಾಗಲೇ ಠರಾವು ಮಾಡಿ ಎಲ್ಲರಿಗೂ ತೆರೆದಿತ್ತು, ಆದರೆ ಕಾಗದದ ಮೇಲೆ. ಅವರು ಕುಡಿದ ಮೇಲೆ ಸವರ್ಣೀಯರು ಸಗಣಿ, ಗೋಮೂತ್ರ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಠರಾವಿಗೆ ಅಲುಗದಿದ್ದದ್ದು ಒಂದು ಬೊಗಸೆ ನೀರಿಗೆ ಅಲುಗಿತು.

ಈ ಪತ್ರ ಬರೆಯಲು ಕುಳಿತಾಗ ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಚಹಾ ಕುಡಿಯುತ್ತಿದ್ದಳು. ಅವಳ ಲೋಟವನ್ನು ನಾವು ಬೇರೆಯಾಗಿ, ಸಿಂಕಿನ ಕೆಳಗೆ ಇಟ್ಟಿದ್ದೇವೆ. ಹಾಗೆ ಇಡಬೇಕೆಂದು ಮನೆಯಲ್ಲಿ ಯಾರೂ ಎಂದೂ ಹೇಳಿಲ್ಲ.

ನಿನ್ನವ