ಹೊಸದು ಅಂತ ಹಾಕಿದ ಬ್ಯಾಟರಿ ಹೊಸದಲ್ಲ

ಇವರಿಗೆ,
ವ್ಯವಸ್ಥಾಪಕರು,
ಲ್ಯಾಪ್‌ಟಾಪ್ ಸರ್ವಿಸ್ ಸೆಂಟರ್

ವಿಷಯ: ಬದಲಾಯಿಸಿದ ಬ್ಯಾಟರಿ ಬೇಗ ಖಾಲಿಯಾಗುತ್ತಿರುವ ಬಗ್ಗೆ ದೂರು

ಮಾನ್ಯರೇ,

ನನ್ನದು 7 ವರ್ಷ ಹಳೆಯ ಲ್ಯಾಪ್‌ಟಾಪ್. ಚಾರ್ಜ್ ನಿಲ್ಲುತ್ತಿಲ್ಲ ಅಂತ 12 ದಿನದ ಹಿಂದೆ ನಿಮ್ಮಲ್ಲಿ ಬ್ಯಾಟರಿ ಬದಲಾಯಿಸಿದೆ. ಬಿಲ್ಲಿನಲ್ಲಿ 'ಹೊಸ ಬ್ಯಾಟರಿ, 6 ತಿಂಗಳ ವಾರಂಟಿ' ಎಂದಿದೆ. ಆದರೆ ಚಾರ್ಜರ್ ತೆಗೆದ ಒಂದೂವರೆ ಗಂಟೆಗೇ ಲ್ಯಾಪ್‌ಟಾಪ್ ಆಫ್ ಆಗುತ್ತಿದೆ. ಹಳೆಯದೂ ಹೆಚ್ಚುಕಮ್ಮಿ ಇಷ್ಟೇ ಬರುತ್ತಿತ್ತು.

ಫೋನ್ ಮಾಡಿದರೆ ನಿಮ್ಮ ಹುಡುಗರು, "ಹಳೇ ಲ್ಯಾಪ್‌ಟಾಪ್ ಅಲ್ವಾ ಸಾರ್, ಹಾಗೇ ಇರುತ್ತೆ. ಫಾರ್ಮ್ಯಾಟ್ ಮಾಡಿ ನೋಡಿ" ಎಂದರು. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದೆ. ಟಾಸ್ಕ್ ಮ್ಯಾನೇಜರ್ ತೆರೆದು, ಹಿನ್ನೆಲೆಯಲ್ಲಿ ಸುಮ್ನೆ ಓಡುತ್ತಿದ್ದ ಆ್ಯಪ್‌ಗಳನ್ನು ನಿಲ್ಲಿಸಿದೆ. ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಿಡುವ ಚಟ ನನಗಿದೆ, ಒಪ್ಪುತ್ತೇನೆ. ಅದನ್ನೂ ಬಿಟ್ಟೆ. ಇಷ್ಟಕ್ಕೂ ಸಿಕ್ಕಿದ್ದು ಹದಿನೈದು ನಿಮಿಷ ಜಾಸ್ತಿ.

ಆಮೇಲೆ ವಿಂಡೋಸ್‌ನಲ್ಲೇ ಇರುವ ಬ್ಯಾಟರಿ ರಿಪೋರ್ಟ್ ತೆಗೆದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಬರುತ್ತದೆ, ನಿಮಗೆ ಗೊತ್ತೇ ಇರುತ್ತದೆ. ಡಿಸೈನ್ ಕೆಪಾಸಿಟಿ, ಅಂದರೆ ಹೊಸದರಲ್ಲಿ ಹಿಡಿಯಬೇಕಾದ ಚಾರ್ಜ್, 48,000 ಮಿಲಿವ್ಯಾಟ್ ಅವರ್. ಫುಲ್ ಚಾರ್ಜ್ ಕೆಪಾಸಿಟಿ, ಅಂದರೆ ಈಗ ಹಿಡಿಯುತ್ತಿರುವುದು, 27,900. ಹಾಗಾಗಿ ಶೇ 100 ಎಂದು ತೋರಿಸುವಾಗಲೂ ಒಳಗೆ ತುಂಬಿರುವುದು ಶೇ 58ರಷ್ಟೇ. ಅಳತೆ ತಪ್ಪಿರಬಹುದು ಅಂತ ಎರಡು ಸಲ ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿಸಿ ನೋಡಿದೆ. ಅಂಕಿ ಅಲ್ಲಾಡಲಿಲ್ಲ.

ಅದರ ಕೆಳಗಿನ ಸಾಲು ನೋಡಿ ತಲೆ ಕೆಟ್ಟಿತು. ಸೈಕಲ್ ಕೌಂಟ್, ಅಂದರೆ ಬ್ಯಾಟರಿ ಪೂರ್ತಿ ತುಂಬಿ ಖಾಲಿಯಾದ ಲೆಕ್ಕ, 412! 12 ದಿನದಲ್ಲಿ ಇಷ್ಟಾಗಬೇಕಾದರೆ ನಾನು ದಿನಕ್ಕೆ 34 ಸಲ ಬ್ಯಾಟರಿ ತುಂಬಿಸಿ ಖಾಲಿ ಮಾಡಿರಬೇಕು. ಊಟ ನಿದ್ದೆ ಬಿಟ್ಟರೂ ಆಗದ ಕೆಲಸ. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸೈಕಲ್ ಹೊತ್ತಿಗೆ ಸವೆದಿರುತ್ತದೆ. ಈ ಎಣಿಕೆ ಇರುವುದು ಬ್ಯಾಟರಿಯೊಳಗಿನ ಚಿಪ್‌ನಲ್ಲಿ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದರೆ ಅದು ಬದಲಾಗುವುದಿಲ್ಲ.

ನನ್ನ ಬ್ಯಾಟರಿಯನ್ನೇ ವಾಪಸ್ ಹಾಕಿದ್ದೀರೋ, ಇನ್ಯಾರದ್ದೋ ಬಿಚ್ಚಿ ಹಾಕಿದ್ದೀರೋ, ನೀವೇ ಹೇಳಬೇಕು. ಹಳೆಯದನ್ನು ನನ್ನ ಕೈಗೆ ಕೊಡಲಿಲ್ಲ. ಕೇಳದೆ ಬಂದಿದ್ದು ನನ್ನ ತಪ್ಪು.

ಒಂದು ವಾರದೊಳಗೆ ನಿಜವಾದ ಹೊಸ ಬ್ಯಾಟರಿ ಹಾಕಿಕೊಡಿ. ನನ್ನ ಎದುರಿಗೇ ರಿಪೋರ್ಟ್ ತೆಗೆದು ತೋರಿಸಿ, ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಯಿರಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ. ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಅಂತ ಮಾತ್ರ ಹೇಳಬೇಡಿ.

ಬಿಲ್ ಮತ್ತು ರಿಪೋರ್ಟಿನ ಪ್ರತಿ ಜೊತೆಗಿದೆ.

ಇಂತಿ,
ನಿಮ್ಮ ಗ್ರಾಹಕ