ವೀಸಾ ಕೇಳದ ಪೊಲೀಸರೇ ಇರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕೆಲವು ಊರುಗಳ ಪೊಲೀಸರು ಕೇಂದ್ರದ ವಲಸೆ ಇಲಾಖೆಗೆ ಸಹಕಾರ ಕೊಡುತ್ತಿಲ್ಲ, ಇದು ಅಪರಾಧಿಗಳನ್ನು ಬಚ್ಚಿಟ್ಟಂತೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಇಲ್ಲಿನ ನಮ್ಮವರ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. "ನಾವು ಕಾಗದಪತ್ರ ಸರಿಯಾಗಿ ಇಟ್ಟುಕೊಂಡು ಬಂದವರು, ನಮಗೂ ಅದಕ್ಕೂ ಏನು ಸಂಬಂಧ?" ಅಂತ. ಸಂಬಂಧ ಇದೆ. ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

2020ರ ಜನವರಿ. ರಾತ್ರಿ ಹನ್ನೊಂದು ದಾಟಿತ್ತು. ಎದುರು ಬ್ಲಾಕಿನ ಹುಡುಗಿಯೊಬ್ಬಳು ಬಂದು ಬಾಗಿಲು ಬಡಿದಳು. ಹೊರಗೆ ಹಿಮ ಬಿದ್ದಿತ್ತು, ಅವಳ ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಕೆನ್ನೆ ಊದಿಕೊಂಡಿತ್ತು. ಹಾಸನದ ಕಡೆಯವಳು, ಬಿ.ಇ. ಓದಿದವಳು. ಗಂಡನದು ಎಚ್-1ಬಿ ಉದ್ಯೋಗ ವೀಸಾ, ಇವಳದು ಅವನ ವೀಸಾವನ್ನೇ ನಂಬಿಕೊಂಡ ಎಚ್-4. ಇವಳ ಪಾಸ್‌ಪೋರ್ಟ್ ಇದ್ದದ್ದು ಗಂಡನ ಆಫೀಸ್ ಬ್ಯಾಗಿನಲ್ಲಿ. ನಾನು ಫೋನ್ ಎತ್ತಿಕೊಂಡರೆ ನನ್ನ ಕೈ ಹಿಡಿದುಕೊಂಡಳು. "ಬೇಡ ಅಕ್ಕ. ಪೊಲೀಸರು ಬಂದರೆ ಮೊದಲು ನನ್ನ ವೀಸಾ ಕೇಳ್ತಾರಂತೆ, ನನ್ನನ್ನೇ ಊರಿಗೆ ಕಳಿಸ್ತಾರಂತೆ. ಇವರು ಹೇಳಿದಾರೆ." ಅವನು ಎರಡು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದ. ಹೊಡೆಯುವಾಗಲೂ ಅದೇ ಮಾತು.

ಅವಳನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದೆ. ಇಬ್ಬರು ಪೊಲೀಸರು ಬಂದರು, ಅವರಲ್ಲೊಬ್ಬರು ಹೆಂಗಸು. ಆಕೆ ಸೋಫಾ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತರು. ಹೆಸರೇನು, ಎಲ್ಲಿ ಪೆಟ್ಟಾಗಿದೆ, ಇವತ್ತು ರಾತ್ರಿ ಮಲಗೋದಕ್ಕೆ ಜಾಗ ಇದೆಯಾ ಎಂದು ಕೇಳಿದರು. ಹುಡುಗಿಗೆ ಇಂಗ್ಲಿಷೇ ಬಾಯಿಗೆ ಬರಲಿಲ್ಲ. ಅವಳು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಕೊನೆಗೆ ತಡೆಯಲಾರದೆ ಅವಳೇ "ನನ್ನ ವೀಸಾ..." ಅಂತ ಶುರು ಮಾಡಿದಳು. ಆಕೆ ಕೈ ಅಡ್ಡ ಮಾಡಿ, "ಅದು ನನಗೆ ಬೇಡ" ಎಂದರು. ಆಮೇಲೇ ಹುಡುಗಿ ಬಾಯಿಬಿಟ್ಟು ಅತ್ತಿದ್ದು.

ಆಕೆ ಒಳ್ಳೆಯವರು, ಅದು ನಿಜ. ಆದರೆ ಬರೀ ಒಳ್ಳೆಯತನದಿಂದ ಆದದ್ದಲ್ಲ ಅದು. ನ್ಯೂಜೆರ್ಸಿಯಲ್ಲಿ ಅದಕ್ಕೊಂದು ನಿಯಮ ಇದೆ. 2018ರ ನವೆಂಬರ್‌ನಲ್ಲಿ ಆಗಿನ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಗುರ್ಬೀರ್ ಗ್ರೆವಾಲ್ ಹೊರಡಿಸಿದ ಆದೇಶ ಅದು. ಅಮೆರಿಕದ ಒಂದು ರಾಜ್ಯಕ್ಕೆ ಅಟಾರ್ನಿ ಜನರಲ್ ಆದ ಮೊದಲ ಸಿಖ್ ಅವರು. ಆದೇಶ 2019ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ವಲಸೆ ಸ್ಥಿತಿಯ ಅನುಮಾನ ಒಂದನ್ನೇ ಇಟ್ಟುಕೊಂಡು ಸ್ಥಳೀಯ ಪೊಲೀಸರು ಯಾರನ್ನೂ ನಿಲ್ಲಿಸುವಂತಿಲ್ಲ, ಹಿಡಿಯುವಂತಿಲ್ಲ. ಗಂಭೀರ ಅಪರಾಧದ ತನಿಖೆಗೆ ಬೇಕಾದರೆ ಹೊರತು ವೀಸಾ ವಿಚಾರ ಕೇಳುವಂತಿಲ್ಲ.

ಹಾಗಾದರೆ ಅಪರಾಧಿಗಳಿಗೆ ರಕ್ಷಣೆ ಕೊಟ್ಟ ಹಾಗಾಯಿತಲ್ಲ ಅನ್ನಬಹುದು. ಇಲ್ಲ. ಕೊಲೆ, ಅತ್ಯಾಚಾರ, ದರೋಡೆಯಂಥ ಆರೋಪ ಹೊತ್ತವರ ವಿಷಯದಲ್ಲಿ ವಲಸೆ ಇಲಾಖೆಗೆ ತಿಳಿಸಲು ಅದೇ ಆದೇಶ ಅವಕಾಶ ಇಟ್ಟಿದೆ. ಕಳ್ಳನನ್ನು ಹಿಡಿಯಲು, ಜೈಲಿಗೆ ಹಾಕಲು ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ದೂರು ಕೊಡಲು ಬಂದವರನ್ನೇ ಹಿಡಿಯುವುದಕ್ಕೆ.

ಪೊಲೀಸರಿಗೇ ಇದು ಬೇಕಾಗಿದೆ ಅನ್ನುವುದನ್ನು ನಮ್ಮವರು ಮರೆಯುತ್ತಾರೆ. ಲಾಸ್ ಏಂಜಲೀಸ್ ಪೊಲೀಸರು ಇಂಥ ನಿಯಮವನ್ನು 1979ರಲ್ಲೇ ತಾವಾಗಿ ಮಾಡಿಕೊಂಡರು. ಜನ ಬಾಯಿ ಬಿಡದಿದ್ದರೆ ಸಾಕ್ಷಿ ಎಲ್ಲಿಂದ ತರೋದು? 2017ರ ಮೊದಲ ಮೂರು ತಿಂಗಳಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಸಮುದಾಯದಿಂದ ಬಂದ ಅತ್ಯಾಚಾರದ ದೂರುಗಳು ಹಿಂದಿನ ವರ್ಷಕ್ಕಿಂತ ಶೇ 40ಕ್ಕೂ ಜಾಸ್ತಿ ಇಳಿದವು. ಉಳಿದವರಿಂದ ಬಂದ ದೂರುಗಳು ಇಳಿದಿರಲಿಲ್ಲ. ಗಡೀಪಾರಿಗೆ ಜನ ಹೆದರಿ ಸುಮ್ಮನಾಗಿದ್ದಾರೆ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥರೇ ಹೇಳಿದರು. ಆ ಅಂಕಿ ಓದಿದಾಗಲೆಲ್ಲ ನನಗೆ ಆ ರಾತ್ರಿ ನನ್ನ ಕೈ ಹಿಡಿದ ಕೈ ನೆನಪಾಗುತ್ತದೆ.

ಊರಿನಲ್ಲಿ ಕೂತು ಓದುವವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಮ್ಮಲ್ಲಿ ಹೆಚ್ಚಿನ ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಜಿಲ್ಲೆಯ ಎಸ್‌ಪಿಯೇ. ಕೇಂದ್ರದ ಕಾನೂನು, ರಾಜ್ಯದ ಪೊಲೀಸರು. ಇಲ್ಲಿ ಹಾಗಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆ ನೋಡುವ ಕೆಲಸವನ್ನು ಕೇಂದ್ರ ಸರ್ಕಾರ ಕೌಂಟಿಗಳ (ಇಲ್ಲಿನ ಜಿಲ್ಲೆಗಳ) ಪೊಲೀಸ್ ಮುಖ್ಯಸ್ಥರಾದ ಷೆರಿಫ್‌ಗಳ ಮೇಲೆ ಹೇರಿದಾಗ ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಷೆರಿಫ್‌ಗಳು ಕೋರ್ಟಿಗೆ ಹೋದರು. ಕೇಂದ್ರದ ಕೆಲಸ ಮಾಡಿ ಎಂದು ಸ್ಥಳೀಯ ಅಧಿಕಾರಿಗಳಿಗೆ ಹುಕುಂ ಮಾಡುವಂತಿಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಂದೂಕಿಗೆ ಅನ್ವಯಿಸಿದ್ದು ವಲಸೆಗೂ ಅನ್ವಯಿಸುತ್ತದೆ. ಊರುಗಳು ಕೇಂದ್ರದ ದಾರಿಗೆ ಅಡ್ಡ ನಿಲ್ಲುತ್ತಿಲ್ಲ. ನಿಮ್ಮ ಕೆಲಸ ನೀವು ಮಾಡಿ, ನಮ್ಮ ಪೊಲೀಸರನ್ನು ಕೇಳಬೇಡಿ ಅನ್ನುತ್ತಿವೆ ಅಷ್ಟೆ.

ಇನ್ನು, ಕಾಗದಪತ್ರ ಸರಿ ಇದ್ದರೆ ಭಯ ಏಕೆ ಅನ್ನುವವರಿಗೆ ಅರಿಜೋನಾದ ಮಾರಿಕೋಪಾ ಕೌಂಟಿಯ ಕಥೆ ಗೊತ್ತಿರಬೇಕು. ಅಲ್ಲಿ ಜೋ ಆರ್ಪಾಯೊ 1993ರಿಂದ 2016ರವರೆಗೆ ಷೆರಿಫ್ ಆಗಿದ್ದರು. ಅವರ ಸಿಬ್ಬಂದಿ ರಸ್ತೆಯಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಮುಖ ಕಂಡರೆ ಗಾಡಿ ನಿಲ್ಲಿಸುತ್ತಿದ್ದರು. ಅವರ ಮೇಲೆ ಮೊದಲು ಕೇಸು ಹಾಕಿದವರ ಬಳಿ ಸರಿಯಾದ ವೀಸಾ ಇತ್ತು! ಬಣ್ಣ, ಜನಾಂಗ ನೋಡಿ ಹಿಡಿದಿದ್ದಾರೆ ಎಂದು 2013ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಅದೇ ವರ್ಷಗಳಲ್ಲಿ ಆ ಕಚೇರಿ 400ಕ್ಕೂ ಹೆಚ್ಚು ಲೈಂಗಿಕ ಅಪರಾಧದ ದೂರುಗಳನ್ನು ನೆಟ್ಟಗೆ ತನಿಖೆ ಮಾಡಿರಲಿಲ್ಲ ಅನ್ನುವುದೂ ಹೊರಗೆ ಬಂತು. ನಮ್ಮ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ, ನ್ಯೂಜೆರ್ಸಿಯಲ್ಲೇ ಹುಟ್ಟಿದ ಒಬ್ಬ ಅಮೆರಿಕನ್ ಪ್ರಜೆಯನ್ನು ಇವನನ್ನು ಹಿಡಿದಿಟ್ಟುಕೊಳ್ಳಿ ಎಂಬ ವಲಸೆ ಇಲಾಖೆಯ ಒಂದು ಚೀಟಿ ನಂಬಿಕೊಂಡು ಕೌಂಟಿ ಜೈಲಿನಲ್ಲಿ ಇಟ್ಟುಕೊಂಡಿದ್ದರು. ಆ ಚೀಟಿ ಬರೀ ಕೋರಿಕೆ, ಆಜ್ಞೆ ಅಲ್ಲ ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಲ್ಲಿಯೇ ಹುಟ್ಟಿದವನ ಗತಿ ಹೀಗಾದರೆ, ಮೊನ್ನೆ ಬಂದಿಳಿದ ನಮ್ಮ ಹುಡುಗರ ಮುಖ ನೋಡಿ ಯಾರು ಏನು ಅಂದುಕೊಳ್ಳುತ್ತಾರೋ ಹೇಳಿ.

2025ರ ಮೇ ತಿಂಗಳಲ್ಲಿ ಕೇಂದ್ರದ ನ್ಯಾಯ ಇಲಾಖೆ ನಮ್ಮ ರಾಜ್ಯದ ನ್ಯೂವರ್ಕ್, ಜರ್ಸಿ ಸಿಟಿ, ಪ್ಯಾಟರ್ಸನ್, ಹೊಬೋಕನ್ ನಗರಗಳ ಮೇಲೆ, ವಲಸೆ ಇಲಾಖೆಗೆ ಸಹಕಾರ ಕೊಡುತ್ತಿಲ್ಲ ಎಂದು ಕೇಸು ಹಾಕಿತು. ಜರ್ಸಿ ಸಿಟಿಯಲ್ಲಿ ಎಷ್ಟು ಜನ ಕನ್ನಡಿಗರಿದ್ದಾರೆ ಅಂತ ಇಲ್ಲಿರುವವರಿಗೆ ಗೊತ್ತು. ಇವು ದೂರದ ಯಾರದೋ ಊರುಗಳಲ್ಲ. ಹಬ್ಬಕ್ಕೆ ಹಾಲ್ ಬುಕ್ ಮಾಡಲು ಟೌನ್‌ಶಿಪ್ ಕಚೇರಿಗೆ ಹತ್ತು ಸಲ ಹೋಗುತ್ತೇವೆ. ಕೌನ್ಸಿಲ್ ಸಭೆಯಲ್ಲಿ ಈ ವಿಷಯ ಬಂದ ದಿನ ನಮ್ಮವರ ಕುರ್ಚಿಗಳು ಖಾಲಿ ಇರುತ್ತವೆ. ಅದು ನನಗೆ ತುಂಬಾ ಬೇಜಾರಿನ ವಿಷಯ. ಅಲ್ಲಿ ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ದಯವಿಟ್ಟು ಹೋಗಿ ಮಾತಾಡಿ.

ಆ ಹುಡುಗಿ ಈಗ ಟೆಕ್ಸಾಸ್‌ನಲ್ಲಿದ್ದಾಳೆ, ಸ್ವಂತ ವೀಸಾ, ಸ್ವಂತ ಕೆಲಸ. ಮೊನ್ನೆ ಫೋನ್ ಮಾಡಿದಾಗ, "ಅಕ್ಕ, ನಿಮ್ಮಲ್ಲಿ ಇನ್ನೂ ಪೊಲೀಸರು ವೀಸಾ ಕೇಳಲ್ಲ ಅಲ್ವಾ?" ಎಂದು ವಿಚಾರಿಸಿದಳು. ಅವಳ ರಾಜ್ಯದಲ್ಲಿ 2017ರ ಕಾನೂನು ಊರುಗಳ ಕೈ ಕಟ್ಟಿಹಾಕಿದೆ. ವಲಸೆ ವಿಷಯ ನಮಗೆ ಬೇಡ ಎಂದು ಅಲ್ಲಿನ ಪಾಲಿಕೆಗಳು ನಿಯಮ ಮಾಡಿಕೊಳ್ಳುವಂತಿಲ್ಲ. ಡಲ್ಲಾಸ್, ಆಸ್ಟಿನ್ ಕಡೆಗೆ ಮಗಳನ್ನು ಮದುವೆ ಮಾಡಿ ಕಳಿಸುವ ಅಪ್ಪ ಅಮ್ಮಂದಿರು ನಿಮ್ಮ ಪತ್ರಿಕೆ ಓದುತ್ತಾರೆ. ಅವಳ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಲಿ, ಒಂದು ಜೆರಾಕ್ಸ್ ನಿಮ್ಮ ಮನೆಯಲ್ಲಿರಲಿ. ಪೊಲೀಸರಿಗೆ ಫೋನ್ ಮಾಡಿದರೆ ಊರಿಗೆ ಕಳಿಸ್ತಾರೆ ಅಂತ ಯಾರಾದರೂ ಹೆದರಿಸಿದರೆ ಮೊದಲು ನಿಮಗೆ ಹೇಳಬೇಕು ಎಂದು ವಿಮಾನ ಹತ್ತಿಸುವ ಮೊದಲೇ ತಿಳಿಸಿ.

ಇತಿ ನಿಮ್ಮ ಹಳೆಯ ಓದುಗಾರ್ತಿ,
ಎಡಿಸನ್, ನ್ಯೂಜೆರ್ಸಿ

(ಆ ಹುಡುಗಿಯ ಗುರುತು ಸಿಗಬಾರದು ಎಂಬ ಕಾರಣಕ್ಕೆ ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.)