ಭಾನುವಾರದ ನಾಯಿ ಲಸಿಕೆ: ಬಡಾವಣೆಯವರಿಗೆ ಸೂಚನೆ

ವಿಜಯಪುರದ ನಮ್ಮ ಬಡಾವಣೆಯ ಹಿರಿಯರಿಗೂ ಅಕ್ಕ-ತಂಗಿಯರಿಗೂ ಶರಣು ಶರಣಾರ್ಥಿ.

ಬರುವ ಭಾನುವಾರ ಬೆಳಿಗ್ಗೆ 7ರಿಂದ 9ರವರೆಗೆ ಹನುಮಂತ ದೇವರ ಗುಡಿಯ ಮುಂದಿನ ಬಯಲಿನಲ್ಲಿ ಪಶುವೈದ್ಯರು ಸಾಕುನಾಯಿಗಳಿಗೆ ರೇಬೀಸ್ ಲಸಿಕೆ ಹಾಕಲಿದ್ದಾರೆ. 3 ತಿಂಗಳು ತುಂಬಿದ ಮರಿಗಳನ್ನೂ, ಹಿಂದಿನ ಲಸಿಕೆ ಹಾಕಿಸಿ ಒಂದು ವರ್ಷವಾದ ನಾಯಿಗಳನ್ನೂ ಕರೆತರಬೇಕು. ಹಳೆಯ ಲಸಿಕೆಯ ಚೀಟಿ ಜೊತೆಗಿರಲಿ.

ನಮ್ಮ ಪಿಟ್ ಬುಲ್ ಭೀಮನೂ ಬರುವುದರಿಂದ ಕೆಲವರಿಗೆ ಅಳುಕು ಇರುವುದು ಸಹಜ. ಅಗಲ ಎದೆಯ ಈ ಭೀಮ ಕುಕ್ಕರಿನ ಸೀಟಿ ಕೇಳಿದೊಡನೆ ಅಜ್ಜಿಯ ಹೊರಸಿನ ಕೆಳಗೆ ಅಡಗುತ್ತಾನೆ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಹೊರಬಂದು ಬಾಲವಷ್ಟೇ ಅಲ್ಲ, ಸೊಂಟವನ್ನೂ ಕುಣಿಸುತ್ತಾನೆ, ಮಧ್ಯಾಹ್ನ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಾನೆ. ಆದರೂ ಈ ತಳಿಯನ್ನು ಹಿಂದೆ ನಾಯಿಕಾಳಗಕ್ಕೆಂದು ಬೆಳೆಸಿದ್ದರಿಂದ, ಮನುಷ್ಯರೊಡನೆ ಮೃದುವಾಗಿದ್ದರೂ ಬೇರೆ ನಾಯಿ ಎದುರಾದರೆ ಕೆರಳಬಹುದು. ಆದ್ದರಿಂದ ಅವನನ್ನು ಬಾಯಿಕುಕ್ಕೆ ಹಾಕಿ, ಗಿಡ್ಡ ಹಗ್ಗದಲ್ಲಿ ಹಿಡಿದು, ಎಲ್ಲರ ಸರದಿ ಮುಗಿದ ಮೇಲೆ 9ಕ್ಕೆ ಕರೆತರುತ್ತೇನೆ.

ಮಕ್ಕಳು ಯಾವ ನಾಯಿಯ ಬಳಿಗೂ ಓಡಿ ಹೋಗದೆ, ಮೊದಲು ಒಡೆಯರನ್ನು ಕೇಳುವಂತೆ ದಯವಿಟ್ಟು ತಿಳಿಹೇಳಿರಿ. ಎಷ್ಟು ನಾಯಿಗಳನ್ನು ತರುವಿರೆಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ. ವೈದ್ಯರು ಅಷ್ಟೇ ಲಸಿಕೆ ತರುತ್ತಾರೆ.